ದಾರಿಯ ಊರುಗಳ ಋಣ
ಬೆಂಗಳೂರಿನಿಂದ ಮೈಸೂರಿಗೆ ದಸರಾ ನೋಡಲು ಹೋಗುವವರಿಗೆ ಈಗ ದಾರಿ ಹಗುರ. 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ಹೆದ್ದಾರಿಯು ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಪೇಟೆಗಳನ್ನು ಬದಿಗಿರಿಸಿ ಸಾಗುತ್ತದೆ. ಸಮಯ ಉಳಿಯಿತು, ಸಂತೋಷ. ಆದರೆ ಚನ್ನಪಟ್ಟಣದ ಬೊಂಬೆ, ಮದ್ದೂರಿನ ವಡೆ ಮಾರುವವರ ಮುಂದೆ ನಿಲ್ಲುತ್ತಿದ್ದ ವಾಹನಗಳೆಷ್ಟೋ ಈಗ ದೂರದಲ್ಲೇ ಓಡುತ್ತವೆ.

2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಮುಖ್ಯ ರಸ್ತೆಯಲ್ಲಿ ಪ್ರವೇಶವಿಲ್ಲ. ಜೀವರಕ್ಷಣೆಗಾಗಿ ಮಾಡಿದ ಆ ನಿಯಮ ಸರಿಯೇ. ಆದರೂ ಈ ರಸ್ತೆಗೆ ಭೂಮಿ ಕೊಟ್ಟ ರೈತ ಪಕ್ಕದ ದಾರಿಯಲ್ಲಿ ಸಾಗುತ್ತಿರುವಾಗ, ವೇಗವಾಗಿ ಹೋಗುವವರ ಮೇಲೆ ಅವನ ಋಣವಿದೆ.

ಹೋಗುವಾಗ ಹೆದ್ದಾರಿ ಹಿಡಿಯಿರಿ. ಬರುವಾಗ ಊರೊಳಗಿನ ಹಳೆಯ ದಾರಿಯಲ್ಲಿ ಬಂದು, ಮೊಮ್ಮಕ್ಕಳಿಗೆ ಒಂದು ಬೊಂಬೆಯನ್ನಾದರೂ ಕೊಳ್ಳಿರಿ. ದುಡಿಯುವ ಕೈಗೆ ಕಾಯಕ ಉಳಿದೀತು.