ಚಿಹ್ನೆ ಬದಲಾದಾಗ ಮತದಾರರಿಗೆ ಲೆಕ್ಕ ಕೊಡುವವರು ಯಾರು?

ಜನ ನೋಡುವುದು ವ್ಯಕ್ತಿಯನ್ನು, ಪಕ್ಷವನ್ನಲ್ಲ, ಹಾಸನ ಜಿಲ್ಲೆಯ ರಾಜಕಾರಣಿ ಎ. ಮಂಜು ಅವರ ಗೆಲುವುಗಳೇ ಇದಕ್ಕೆ ಸಾಕ್ಷಿ ಎಂಬ ವಾದ ಪ್ರಕಟವಾಗಿದೆ. ಇದು ಅರ್ಧ ಸತ್ಯ.

ಅರಕಲಗೂಡು ವಿಧಾನಸಭಾ ಕ್ಷೇತ್ರದಲ್ಲಿ ಅವರು 1999ರಲ್ಲಿ ಬಿಜೆಪಿಯಿಂದ, 2008 ಮತ್ತು 2013ರಲ್ಲಿ ಕಾಂಗ್ರೆಸ್‌ನಿಂದ, 2023ರಲ್ಲಿ ಜೆಡಿಎಸ್‌ನಿಂದ ಗೆದ್ದರು. ವೈಯಕ್ತಿಕ ಬಲವಿದೆ, ಒಪ್ಪೋಣ. ಆದರೆ 2019ರ ಲೋಕಸಭಾ ಚುನಾವಣೆಯನ್ನು ಮರೆಯುವುದು ಹೇಗೆ? ಹಾಸನ ಕ್ಷೇತ್ರಕ್ಕೆ ಸೇರಿದ ಮಲೆನಾಡಿನ ಹೆತ್ತೂರಿನ ಮತಯಂತ್ರದಲ್ಲೂ ಆಗ ಮಂಜು ಹೆಸರಿನ ಪಕ್ಕ ಬಿಜೆಪಿಯ ಕಮಲವಿತ್ತು. ಎದುರಾಳಿ ಜೆಡಿಎಸ್‌ನ ಪ್ರಜ್ವಲ್ ರೇವಣ್ಣ. ಸೋತ ಮಂಜು, ಪ್ರಜ್ವಲ್ ಆಸ್ತಿ ವಿವರ ಮುಚ್ಚಿಟ್ಟಿದ್ದಾರೆಂದು ಹೈಕೋರ್ಟ್ ಮೆಟ್ಟಿಲೇರಿದರು. 2023ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಆ ಆಯ್ಕೆಯನ್ನು ಅಸಿಂಧುಗೊಳಿಸಿತು (ಬಳಿಕ ಸುಪ್ರೀಂ ಕೋರ್ಟ್ ತಡೆ ನೀಡಿತು). ಅಷ್ಟರಲ್ಲಿ ಅರ್ಜಿದಾರ ಮಂಜು ಅದೇ ಜೆಡಿಎಸ್‌ನ ಶಾಸಕರಾಗಿದ್ದರು! ಜೆಡಿಎಸ್ ಬೇಡವೆಂದೇ ಅವರಿಗೆ ಮತ ಹಾಕಿದ ಮಲೆನಾಡಿನ ಬೆಳೆಗಾರನಿಗೆ ಏನು ಉತ್ತರ?

ಪಕ್ಷ ಬದಲಿಸಿದ್ದು ಮಂಜು ಒಬ್ಬರೇ ಅಲ್ಲ. ಅವರ ಹಳೆಯ ಎದುರಾಳಿ ಎ.ಟಿ. ರಾಮಸ್ವಾಮಿ, ಬೆಂಗಳೂರಿನ ಭೂ ಒತ್ತುವರಿ ಬಯಲಿಗೆಳೆದ ಜಂಟಿ ಸದನ ಸಮಿತಿಯ ಅಧ್ಯಕ್ಷರಾಗಿದ್ದವರು, 2023ರಲ್ಲಿ ಜೆಡಿಎಸ್ ತೊರೆದು ಬಿಜೆಪಿ ಸೇರಿದರು. ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟೇ ಹೋದರು, ಅಷ್ಟನ್ನು ಮೆಚ್ಚಲೇಬೇಕು.

1985ರ ಪಕ್ಷಾಂತರ ನಿಷೇಧ ಕಾನೂನು ಹಿಡಿಯುವುದು ಸದನದೊಳಗಿದ್ದವರನ್ನಷ್ಟೇ. ಸೋತು ಪಕ್ಷ ಬದಲಿಸಿದವರನ್ನು ಪ್ರಶ್ನಿಸುವ ಹಕ್ಕು ಮತದಾರರದ್ದು. ಜನ ನೋಡುವುದು ವ್ಯಕ್ತಿಯನ್ನಷ್ಟೇ ಎಂಬ ವಾದ ಕಸಿದುಕೊಳ್ಳುತ್ತಿರುವುದು ಈ ಹಕ್ಕನ್ನೇ.