ಹಿರಿಯರ ಭವನಕ್ಕೆ ಎಂಥ ಚಿತ್ರ?

ನಮ್ಮ ಊರಿನಲ್ಲಿ ವಯಸ್ಸಾದವರು ಹಗಲು ಹೊತ್ತು ಕೂಡಿ ಕಾಲ ಕಳೆಯಲೆಂದು ಭವನವೊಂದು ಸಿದ್ಧವಾಗುತ್ತಿದೆ. ಗೋಡೆಗಳೆದ್ದಿವೆ, ಗಾರೆಯ ಕೆಲಸವೂ ಮುಗಿದಿದೆ. ನಡುವಣ ಸಭಾಂಗಣದ ದೊಡ್ಡ ಗೋಡೆಯ ಮೇಲೆ ಕಲಾಕೃತಿಯೊಂದು ಇರಬೇಕೆಂದು ಸಮಿತಿಯವರು ನಿಶ್ಚಯಿಸಿ, ಅದಕ್ಕೆಂದು ಸ್ವಲ್ಪ ಹಣವನ್ನೂ ತೆಗೆದಿರಿಸಿದ್ದಾರೆ. ಮೆಚ್ಚತಕ್ಕ ಸಂಗತಿ. ಆದರೆ ಅವರು ನನ್ನನ್ನು ಕರೆಸಿದ್ದು ಚಿತ್ರವನ್ನು ಕುರಿತು ಕೇಳುವುದಕ್ಕಲ್ಲ. ಮುಪ್ಪು, ಶಾಂತಿ, ತೃಪ್ತಿ ಇವುಗಳ ಮೇಲೆ ನಾಲ್ಕು ಸೂಕ್ತಿಗಳನ್ನು ಆರಿಸಿಕೊಡಬೇಕು, ಚಿತ್ರದ ಕೆಳಗೆ ಬರೆಸಬೇಕು ಎಂಬುದಕ್ಕೆ. ಮದುವೆಯ ಕರೆಯೋಲೆಯಿಂದ ಹಿಡಿದು ಶ್ರದ್ಧಾಂಜಲಿಯವರೆಗೆ ಇಂಥ ಕೆಲಸ ಕನ್ನಡ ಅಧ್ಯಾಪಕನಿಗೆ ತಪ್ಪಿದ್ದಲ್ಲ. ಚಿತ್ರ ಯಾವುದೆಂದು ವಿಚಾರಿಸಿದೆ. ಮುಳುಗುವ ಸೂರ್ಯ, ಹೊಳೆಯಲ್ಲಿ ಒಂಟಿ ದೋಣಿ, ದಡದಲ್ಲಿ ಕೋಲೂರಿ ನಿಂತ ಮುದುಕ. ಇದನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಗಾಜು ಕೂಡಿಸಿ ತೂಗುಹಾಕುವುದೆಂದು ಯೋಜನೆ.

ಸಮಿತಿಯವರ ಸದುದ್ದೇಶದಲ್ಲಿ ನನಗೆ ಸಂಶಯವಿಲ್ಲ. ಆದರೂ ಕೇಳಬೇಕಾಗಿದೆ: ಆಸ್ಪತ್ರೆಯ ಗೋಡೆಯ ಮೇಲೆ ನರಳುವ ರೋಗಿಯ ಚಿತ್ರವನ್ನು ಯಾರಾದರೂ ಬರೆಸುತ್ತಾರೆಯೆ? ವೃದ್ಧರ ವಿಷಯದಲ್ಲಿ ಮಾತ್ರ ಏತಕ್ಕೆ ಅವರ ವೃದ್ಧಾಪ್ಯವನ್ನೇ ಚಿತ್ರಿಸಿ ಅವರೆದುರಿಗೆ ನಿಲ್ಲಿಸಬೇಕು? ಎಪ್ಪತ್ತು ವರ್ಷ ಬದುಕಿದವರಲ್ಲಿ ಮುಪ್ಪೊಂದನ್ನುಳಿದು ಬೇರೇನೂ ಇಲ್ಲವೆಂದು ಬಗೆಯುವುದು ದಯೆಯ ವೇಷ ತೊಟ್ಟ ಅನಾದರವೇ ಸರಿ.

ಭವನ ತೆರೆದ ಮೇಲೆ ಅಲ್ಲಿಗೆ ಬರತಕ್ಕವರು ಈಗ ಸಂಜೆಯ ವೇಳೆ ದೇವಸ್ಥಾನದ ಜಗಲಿಯ ಮೇಲೆ ಸೇರುತ್ತಾರೆ. ಅಂಚೆ ಇಲಾಖೆಯಿಂದ ನಿವೃತ್ತರಾದವರು, ಅಡಕೆ ಸುಲಿದು ಬೆರಳು ಕಪ್ಪಾದವರು, ಮೂವತ್ತು ವರ್ಷ ಬಸ್ಸು ಓಡಿಸಿದವರು, ಮಕ್ಕಳು ಬೆಂಗಳೂರಿಗೆ ಹೋದ ಮೇಲೆ ಒಂಟಿಯಾದ ತಾಯಂದಿರು. ನಾನು ಹೋಗಿ ಕೇಳಿದೆ. ಮೊದಮೊದಲು ಯಾರೂ ಬಾಯಿ ಬಿಡಲಿಲ್ಲ. “ನೀವೆಲ್ಲ ಓದಿದವರು, ಏನು ಬರೆಸಿದರೂ ಚೆನ್ನ” ಎಂದು ಮಾತು ಮುಗಿಸಿದರು. ಸೂರ್ಯಾಸ್ತದ ಸುದ್ದಿ ಎತ್ತಿದಾಗ ಅಜ್ಜಿಯೊಬ್ಬರು ನಕ್ಕರು. “ಹೊತ್ತು ಮುಳುಗೋದನ್ನ ಇಲ್ಲಿ ಕೂತು ದಿನಾ ನೋಡ್ತೀವಲ್ಲ ಮೇಷ್ಟ್ರೇ, ಗೋಡೆ ಮೇಲೂ ಯಾಕೆ? ಸಂತೆ ಬರೆಸಿ. ದಿನಕ್ಕೊಂದು ಅಂಗಡಿ ನೋಡ್ತಾ ಕೂತ್ಕೋಬೌದು.”

ಕಲಾವಿಮರ್ಶೆಯ ಗ್ರಂಥಗಳನ್ನು ನಾನೂ ಒಂದಿಷ್ಟು ಓದಿದ್ದೇನೆ. ಈ ಮಾತಿನಷ್ಟು ಉಪಯುಕ್ತವಾದದ್ದನ್ನು ಅವುಗಳಲ್ಲಿ ಕಂಡದ್ದು ಕಡಿಮೆ. ಪ್ರದರ್ಶನಶಾಲೆಯ ಚಿತ್ರದ ಮುಂದೆ ನಾವು ಎರಡು ನಿಮಿಷ ನಿಲ್ಲುತ್ತೇವೆ. ಈ ಗೋಡೆಯೆದುರಿಗೆ ಕುಳಿತುಕೊಳ್ಳುವವರೋ ವರ್ಷದುದ್ದಕ್ಕೂ, ದಿನಕ್ಕೆ ಮೂರು ನಾಲ್ಕು ಗಂಟೆ ಕುಳಿತುಕೊಳ್ಳುವವರು. ಒಂದು ನೋಟಕ್ಕೆ ಮುಗಿದುಹೋಗುವ ಚಿತ್ರ ಅವರಿಗೆ ಮೂರನೆಯ ದಿನವೇ ಬರಿಯ ಗೋಡೆಯಾಗುತ್ತದೆ.

ನೋಡುವ ಕಣ್ಣಿನ ವಿಚಾರವನ್ನೂ ಮರೆಯಬಾರದು. ವಯಸ್ಸಾದಂತೆ ಕಣ್ಣಿನೊಳಗಿನ ಮಸೂರ ಹಳದಿಗೆ ತಿರುಗುತ್ತದೆ, ಪಾಪೆ ಕಿರಿದಾಗುತ್ತದೆ. ಅರುವತ್ತರ ಕಣ್ಣಿನ ಹಿಂಭಿತ್ತಿಗೆ ಇಪ್ಪತ್ತರ ಕಣ್ಣಿಗೆ ಸಿಗುವ ಬೆಳಕಿನ ಮೂರನೆಯ ಒಂದು ಭಾಗ ಸಿಕ್ಕಿದರೆ ಹೆಚ್ಚು. ನೀಲಿಗೂ ಹಸುರಿಗೂ ಇರುವ ಅಂತರ ಮಸಕಾಗುತ್ತದೆ. ಹೊಳಪು ಕಣ್ಣು ಕುಕ್ಕುತ್ತದೆ. ಹೀಗಿರುವಲ್ಲಿ ನಸುನೀಲಿಯ ಹೊಳೆಯನ್ನು ಗಾಜಿನ ಹಿಂದೆ ಇಟ್ಟರೆ ಅವರಿಗೆ ಕಾಣುವುದು ಎದುರು ಕಿಟಕಿಯ ಪ್ರತಿಬಿಂಬವೇ ಹೊರತು ಹೊಳೆಯಲ್ಲ.

ಇದಕ್ಕೆ ಪರಿಹಾರವನ್ನು ದೂರದಿಂದ ತರಬೇಕಾಗಿಲ್ಲ. ಸಾಗರ, ಸೊರಬದ ಕಡೆಯ ದೀವರ ಹೆಂಗಸರು ಬರೆಯುವ ಹಸೆಗೋಡೆಯ ಚಿತ್ತಾರವನ್ನು ವಾಚಕರಲ್ಲಿ ಹಲವರು ಬಲ್ಲರು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಹಿಟ್ಟಿನ ಬಿಳುಪು, ಹುರಿದ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಕೆಂಪಿನ ಮೇಲೆ ಬಿಳಿಯ ಗೆರೆ ಮಂದದೃಷ್ಟಿಗೂ ಎದ್ದು ಕಾಣುತ್ತದೆ. ಮಣ್ಣಿನ ಮೈಯಲ್ಲಿ ಹೊಳಪಿಲ್ಲ. ಆ ಜಗಲಿಯ ಮೇಲೆ ಕೂರುವ ಅಜ್ಜಿಯರಲ್ಲಿ ಇಬ್ಬರು ಮೂವರಿಗೆ ಚಿತ್ತಾರ ಬರೆದು ಪಳಗಿದ ಕೈಯಿದೆ. ಅವರನ್ನು ಕರೆಯುವುದಾದರೆ ಕಲಾವಿದರಿಗೆ ಸಲ್ಲತಕ್ಕ ಸಂಭಾವನೆ ಕೊಟ್ಟು ಕರೆಯಬೇಕು. ಶಾಲು ಹೊದಿಸಿ, ಭಾವಚಿತ್ರ ತೆಗೆಸಿ ಕಳುಹಿಸಿದರೆ ಸಾಲದು.

ಕಣ್ಣು ಪೂರ್ತಿ ಹೋದವರೂ ಭವನಕ್ಕೆ ಬರುತ್ತಾರೆ. ಅವರಿಗೇನು ಎಂಬ ಪ್ರಶ್ನೆಗೆ ಶಾಂತಿನಿಕೇತನದಲ್ಲಿ ಒಂದು ಉತ್ತರವಿದೆ. ಹಿಂದೀ ಭವನದ ಗೋಡೆಗಳ ಮೇಲೆ ಮಧ್ಯಯುಗದ ಸಂತರನ್ನು ಚಿತ್ರಿಸಿದ ವಿನೋದ ವಿಹಾರಿ ಮುಖರ್ಜಿಯವರು ಮುಂದೆ ಶಸ್ತ್ರಚಿಕಿತ್ಸೆಯೊಂದು ಫಲಿಸದೆ ದೃಷ್ಟಿಯನ್ನು ಸಂಪೂರ್ಣವಾಗಿ ಕಳೆದುಕೊಂಡರು. ಆದರೂ ೧೯೭೨ರಲ್ಲಿ, ತಮ್ಮ ಅರುವತ್ತೆಂಟರ ಸುಮಾರಿನಲ್ಲಿ, ಕಲಾಭವನದ ಗೋಡೆಗೆ ಹೆಂಚಿನ ಬಿಲ್ಲೆಗಳ ಭಿತ್ತಿಚಿತ್ರವನ್ನು ರಚಿಸಿದರು. ಬೆರಳು ನೋಡಬಲ್ಲುದೆಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ನಮ್ಮ ಗೋಡೆಯ ಕೆಳಭಾಗದಲ್ಲಿ, ಕುರ್ಚಿಯಲ್ಲಿ ಕುಳಿತವರ ಕೈಗೆಟಕುವ ಎತ್ತರದಲ್ಲಿ, ಮುಟ್ಟಿ ನೋಡಲು ಬರುವ ಉಬ್ಬು ಕೆತ್ತನೆಯ ಒಂದು ಸಾಲು ಇರಲಿ.

ಎಲ್ಲರನ್ನೂ ಕೇಳುತ್ತ ಹೋದರೆ ಕಲಾವಿದನ ಸ್ವಾತಂತ್ರ್ಯವೇನಾಯಿತು, ಹತ್ತು ಜನ ಕೂಡಿ ಕಾವ್ಯ ಬರೆಯಲಾದೀತೆ ಎಂದು ಸಮಿತಿಯ ಗೆಳೆಯರೊಬ್ಬರು ಆಕ್ಷೇಪಿಸಿದರು. ಆಕ್ಷೇಪ ಹಗುರವಾದುದಲ್ಲ. ಆದರೆ ಕೇಳದೆಹೋದರೆ ಕಲಾವಿದನೇ ಹೆಚ್ಚು ನಷ್ಟಪಡುತ್ತಾನೆ. ೧೯೮೧ರಲ್ಲಿ ನ್ಯೂಯಾರ್ಕಿನ ಫೆಡರಲ್ ಪ್ಲಾಜಾದಲ್ಲಿ ರಿಚರ್ಡ್ ಸೆರಾ ಎಂಬ ಪ್ರಸಿದ್ಧ ಶಿಲ್ಪಿ ಸರ್ಕಾರದ ಕೋರಿಕೆಯಂತೆ ೧೨೦ ಅಡಿ ಉದ್ದ, ೧೨ ಅಡಿ ಎತ್ತರದ ಉಕ್ಕಿನ ಗೋಡೆಯನ್ನು ನಿಲ್ಲಿಸಿದರು. ಸುತ್ತಲಿನ ಕಛೇರಿಗಳಲ್ಲಿ ದುಡಿಯುವ ಅನೇಕರಿಗೆ ಅದು ದಾರಿಗಡ್ಡವಾಗಿ ತೋರಿತು. ೧೯೮೫ರಲ್ಲಿ ಬಹಿರಂಗ ವಿಚಾರಣೆ ನಡೆಯಿತು. ಮಾತನಾಡಿದ ೧೮೦ ಮಂದಿಯಲ್ಲಿ ೧೨೨ ಮಂದಿ ಉಳಿಸಿರೆಂದರೂ ೧೯೮೯ರಲ್ಲಿ ಅದನ್ನು ತುಂಡರಿಸಿ ತೆಗೆದರು. ಯಾರ ಪಕ್ಷ ಸರಿಯೆಂಬ ಜಿಜ್ಞಾಸೆಗೆ ನಾನು ಹೋಗುವುದಿಲ್ಲ. ಮೊದಲು ಕೇಳಬೇಕಾದುದನ್ನು ನಾಲ್ಕು ವರ್ಷ ಕಳೆದು ಕೇಳಿದರು ಎಂಬುದಷ್ಟೇ ನಾನು ಹೇಳುವ ಮಾತು. ಸಂತೆ ಬೇಕೆಂದು ಅಜ್ಜಿ ಹೇಳಬಹುದು. ಸಂತೆಯನ್ನು ಹೇಗೆ ಕಾಣಿಸಬೇಕೆಂಬುದು ಚಿತ್ರಕಾರನಿಗೆ ಸೇರಿದ್ದು. ಗೆರೆಯ ವಿಷಯದಲ್ಲಿ ಸಮಿತಿ ಬಾಯಿ ಹಾಕಕೂಡದು.

ಹಣದ ಮಾತೂ ಇದೆ. ಸುಣ್ಣಬಣ್ಣಕ್ಕೆ ಕರೆಯುವಂತೆ ಚಿತ್ರಕ್ಕೂ ಟೆಂಡರ್ ಕರೆದು, ಚದರಡಿಗೆ ಕಡಿಮೆ ದರ ಹೇಳಿದವನಿಗೆ ಕೆಲಸ ಒಪ್ಪಿಸುವ ಸಲಹೆ ಬಂದಿದೆ. ಅದರ ಫಲವನ್ನು ಊರೂರ ಸರ್ಕಲ್ಲುಗಳಲ್ಲಿ ನಿಂತ ಪ್ರತಿಮೆಗಳ ಮುಖದಲ್ಲಿ ನೋಡಿಕೊಳ್ಳಬಹುದು. ಅದರ ಬದಲು ಇಬ್ಬರು ಮೂವರು ಕಲಾವಿದರಿಗೆ ಕರಡಿಗೆಂದೇ ಸ್ವಲ್ಪ ಹಣ ಕೊಡಲಿ. ಅವರು ಒಂದು ವಾರ ಆ ಜಗಲಿಯಲ್ಲಿ ಕುಳಿತು ಹೋಗಲಿ. ಬಂದ ಕರಡುಗಳನ್ನು ಖಾಲಿ ಗೋಡೆಗೆ ಅಂಟಿಸಿ, ಎದುರಿಗೆ ಕುರ್ಚಿ ಹಾಕಿ, ಭವನಕ್ಕೆ ಬರತಕ್ಕವರನ್ನು ನಾಲ್ಕು ದಿನ ಅಲ್ಲಿ ಕೂರಿಸಬೇಕು. ನಾಲ್ಕನೆಯ ದಿನವೂ ಅವರು ಯಾವುದರ ಕಡೆಗೆ ಮುಖ ಮಾಡಿ ಕುಳಿತಿರುತ್ತಾರೋ ಅದನ್ನೇ ಬರೆಸಲಿ. ಸೂಕ್ತಿಗಳಿಗೆಂದು ಬಿಟ್ಟಿರುವ ಜಾಗದಲ್ಲಿ ಇನ್ನೆರಡು ಅಂಗಡಿಗಳು ಹಿಡಿಸುತ್ತವೆ.