‘ಸ್ವಲ್ಪ’ ಎಂದರೆ ಎಷ್ಟು?

ಹಾನುಬಾಳು ಸುತ್ತಿನ ಕಾಫಿ ತೋಟಗಳಲ್ಲಿ ಬೆಳಿಗ್ಗೆ ಮಳೆಮಾಪಕದ ನೀರನ್ನು ಗಾಜಿನ ಅಳತೆ ಕೊಳವೆಗೆ ಸುರಿದು, ಇಂಚು-ಸೆಂಟುಗಳಲ್ಲಿ ಬರೆದಿಡುವುದು ಹಳೆಯ ಪದ್ಧತಿ. ಕಣ್ಣಂದಾಜಿನ ಮಳೆ ಪುಸ್ತಕಕ್ಕೆ ಏರುವುದಿಲ್ಲ. ಅದೇ ತೋಟದ ಮನೆಯ ಹುಡುಗ ಹಳೆಯ ಯೆಜ್ಡಿಯನ್ನು ಓಟದ ಬೈಕ್ ಮಾಡಲು ಹೊರಟಾಗ ಮಾತ್ರ ‘ಹೆಡ್ ಸ್ವಲ್ಪ ಉಜ್ಜಿಸಿದರೆ ಸಾಕು’ ಎನ್ನುತ್ತಾನೆ. ಆ ‘ಸ್ವಲ್ಪ’ ಎಷ್ಟು?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ 250 ಸಿ.ಸಿ. ಬೈಕಿನ ಸಿಲಿಂಡರ್ ವ್ಯಾಸ 65 ಮಿ.ಮೀ., ಪಿಸ್ಟನ್ ಓಡಾಡುವ ದೂರ 75 ಮಿ.ಮೀ. ಶಾಲೆಯಲ್ಲಿ ಕಲಿತ ಸಿಲಿಂಡರಿನ ಸೂತ್ರ ಹಾಕಿದರೆ ಗಾತ್ರ ಸುಮಾರು 249 ಸಿ.ಸಿ. ಪಿಸ್ಟನ್ ತುದಿಗೇರಿದಾಗ ಅದರ ಮೇಲೆ ಉಳಿಯುವ ಜಾಗವೇ ದಹನ ಕೋಣೆ. ಅದರ ಆಕಾರ ಓರೆಕೋರೆ, ಸೂತ್ರಕ್ಕೆ ಸಿಗದು. ಅಲ್ಲಿ ನೆರವಿಗೆ ಬರುವುದು ರಸಾಯನಶಾಸ್ತ್ರ ಪ್ರಯೋಗಾಲಯದ ಬ್ಯೂರೆಟ್.

ಪಿಸ್ಟನ್ನನ್ನು ಮೇಲಕ್ಕೆ ತಂದು, ಅಂಚಿಗೆ ತುಸು ಗ್ರೀಸ್ ಸವರಿ, ಹೆಡ್ ಬಿಗಿಯಬೇಕು. ಪ್ಲಗ್ಗಿನ ತೂತು ಎಲ್ಲಕ್ಕಿಂತ ಎತ್ತರದಲ್ಲಿರುವಂತೆ ಎಂಜಿನ್ನನ್ನು ಓರೆ ಮಾಡಿ, ಬ್ಯೂರೆಟ್ಟಿನಿಂದ ತೆಳು ಎಣ್ಣೆ ಬಿಡಬೇಕು. ಗಾಳಿಗುಳ್ಳೆ ಉಳಿಯಬಾರದು. ಎಣ್ಣೆ ಪ್ಲಗ್ ಎಳೆಗಳ ಕೆಳ ಅಂಚು ಮುಟ್ಟಿದಾಗ ನಿಲ್ಲಿಸಿ ಓದಬೇಕು.

40 ಸಿ.ಸಿ. ಹಿಡಿಯಿತೆನ್ನೋಣ. 249ಕ್ಕೆ 40 ಕೂಡಿಸಿ 40ರಿಂದ ಭಾಗಿಸಿದರೆ 7.2. ಇದೇ ಸಂಪೀಡನ ಅನುಪಾತ. ಹೆಡ್ಡನ್ನು 1 ಮಿ.ಮೀ. ಉಜ್ಜಿಸಿದರೆ ಸುಮಾರು 3 ಸಿ.ಸಿ. ಕಳೆದು, ಅನುಪಾತ 7.7ಕ್ಕೇರುತ್ತದೆ. (ಎರಡು ಸ್ಟ್ರೋಕಿನ ಎಂಜಿನ್ನಿಗೆ ಕೆಲವರು ಹೊಗೆ ಕಿಂಡಿ ಮುಚ್ಚಿದ ಮೇಲಿನ ಗಾತ್ರವನ್ನಷ್ಟೇ ಹಿಡಿಯುತ್ತಾರೆ, ಆಗ ಅಂಕಿ ಕಡಿಮೆ ಬರುತ್ತದೆ. ಹೋಲಿಸುವಾಗ ಎರಡನ್ನೂ ಬೆರೆಸಬಾರದು.)

ಅನುಪಾತ ಏರಿದರೆ ಶಕ್ತಿ ಹೆಚ್ಚುವುದು ನಿಜ. ಮಿತಿ ಮೀರಿದರೆ ಕಿಡಿಯ ಜ್ವಾಲೆ ತಲುಪುವ ಮೊದಲೇ ಉಳಿದ ಮಿಶ್ರಣ ಬಿಸಿಗೆ ತಾನೇ ಸಿಡಿಯುತ್ತದೆ. ಟಕಟಕ ಸದ್ದು ಅದರ ಗುರುತು. ಕೊನೆಗೆ ಪಿಸ್ಟನ್ ತಲೆಗೇ ತೂತು.

ಮಲೆನಾಡಿನಲ್ಲಿ ಇನ್ನೊಂದು ಮೋಸವಿದೆ. ಸಕಲೇಶಪುರ ಸೀಮೆ ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರ. ಗಾಳಿಯ ಒತ್ತಡ ಸುಮಾರು ಹತ್ತನೆಯ ಒಂದು ಪಾಲು ಕಡಿಮೆ. ಇಲ್ಲಿ ಸದ್ದಿಲ್ಲದೆ ಓಡಿದ ಎಂಜಿನ್, ಶಿರಾಡಿ ಘಾಟಿ ಇಳಿದು ಮಂಗಳೂರಿನ ಗಾಳಿ ಕುಡಿದೊಡನೆ ಟಕಟಕ ಎನ್ನಬಹುದು.

ಮಗ ಹೆಡ್ ಉಜ್ಜಿಸಲು ದುಡ್ಡು ಕೇಳಿದರೆ ತಂದೆ ಗದರಬೇಕಿಲ್ಲ, ‘ಎಷ್ಟು ಸಿ.ಸಿ. ಹಿಡಿಯಿತು?’ ಎಂದು ಕೇಳಿದರೆ ಸಾಕು. ಉಜ್ಜಿದ ಲೋಹ ಮತ್ತೆ ಬರುವುದಿಲ್ಲ. ಅಳತೆಯನ್ನಾದರೆ ಎಷ್ಟು ಸಲವಾದರೂ ಮಾಡಬಹುದು.